ಗೇಟಿನ ಹೊರಗಿನ ಸಾಲೊಮನ್ ಅಂಕಲ್

ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಸಾಲೊಮನ್ ಅಂಕಲ್ ಹೆಂಡತಿಯನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಊರಿಗಾಂನ ಕಥೋಲಿಕರ ಚರ್ಚಿಗೆ ಬರುತ್ತಿದ್ದರು. ಆರೋಗ್ಯಮೇರಿ ಆಂಟಿ ತಲೆಗೆ ಸೆರಗು ಹೊದ್ದು ಒಳಗೆ ಹೋದರೆ, ಅಂಕಲ್ ಗೇಟಿನ ಹೊರಗೆ ಸ್ಕೂಟರಿಗೆ ಒರಗಿ ತಮ್ಮ ಬೈಬಲ್ ತೆರೆಯುತ್ತಿದ್ದರು. ಮಳೆ ಬಂದರೆ ಎದುರಿನ ಟೀ ಅಂಗಡಿಯ ತಗಡಿನ ಕೆಳಗೆ ನಿಲ್ಲುತ್ತಿದ್ದರು. ಒಳಗೆ ಪಾದರ್ ನಡೆಸುವ ಪೂಜೆ ಮುಗಿದ ಮೇಲೆ ಆಂಟಿಯನ್ನು ಮನೆಗೆ ಬಿಟ್ಟು, ಒಂಬತ್ತಕ್ಕೆ ತಮ್ಮ ಪ್ರೊಟೆಸ್ಟೆಂಟ್ ಚರ್ಚಿಗೆ ಹೋಗುತ್ತಿದ್ದರು. ನಾನು ನೋಡಿದಂತೆ ಇಪ್ಪತ್ತು ವರ್ಷ ಆ ಗೇಟನ್ನು ಅವರು ದಾಟಲಿಲ್ಲ.

"ಒಳಗೆ ಕಾಲಿಟ್ರೆ ಎಲ್ಲಾರ ಜತೆ ಮಂಡಿ ಊರಬೇಕು ಕಣಮ್ಮ. ಆಮೇಲೆ ಯಾಕೆ ಊರಿದೆ ಅಂತ ನಂಗೆ ನಾನೇ ಜವಾಬು ಏಳ್ಬೇಕು" ಎನ್ನುತ್ತಿದ್ದರು.

ಕಾರ್ಖಾನೆ ಕೆಲಸಕ್ಕೆಂದು ಹಾವೇರಿ ಕಡೆಯಿಂದ ಬಂದ ನಮ್ಮಪ್ಪನಿಗೆ ಬಾಡಿಗೆಗೆ ಸಿಕ್ಕಿದ್ದು ಅವರ ಪಕ್ಕದ ಮನೆ. ಎರಡೂ ಮನೆಗೆ ಒಂದೇ ಗೋಡೆ. ನಮ್ಮ ಮನೆಯವರಿಗೆ ಚರ್ಚು ಎಂದರೆ ಚರ್ಚು, ಅಷ್ಟೇ. ಅದರಲ್ಲಿ ಎರಡು ಪಂಗಡವಿದೆ ಎಂದು ನನಗೆ ಗೊತ್ತಾದದ್ದು ಆ ಗೋಡೆಯಾಚೆ ಊಟದ ಹೊತ್ತಿಗೆ ನಡೆಯುತ್ತಿದ್ದ ವಾದದಿಂದ. ಅಂಕಲ್ ಸ್ವರ ಏರಿಸುತ್ತಿರಲಿಲ್ಲ. ಆಂಟಿ ಸೌಟು ಮಾತ್ರ ಸ್ವಲ್ಪ ಜೋರಾಗಿ ಇಡುತ್ತಿದ್ದರು.

ಅಂಕಲ್ ಚಾಂಪಿಯನ್ ರೀಫ್ಸ್‌ನ ಚಿನ್ನದ ಗಣಿಯಲ್ಲಿ ವೈಂಡಿಂಗ್ ಎಂಜಿನ್ ಓಡಿಸುತ್ತಿದ್ದವರು. ಜನರನ್ನು ಪಾತಾಳಕ್ಕೆ ಇಳಿಸಿ, ಮತ್ತೆ ಮೇಲಕ್ಕೆ ಎಳೆಯುವ ಯಂತ್ರ ಅದು. ಇಳಿಯುವವರ ಮುಖ ಡ್ರೈವರಿಗೆ ಕಾಣುವುದಿಲ್ಲ. ಗಂಟೆ ಎಷ್ಟು ಸಲ ಬಡಿಯಿತು ಎನ್ನುವುದರ ಮೇಲೆ ಕೈ ಆಡಬೇಕು. ಗಣಿ ಮುಚ್ಚಿ ವರ್ಷಗಳಾದರೂ ಅವರ ದೇವಶಾಸ್ತ್ರವೆಲ್ಲ ಆ ಎಂಜಿನ್ ಮನೆಯಿಂದಲೇ ಬರುತ್ತಿತ್ತು. ಕೆಳಗಿರುವವನು ಗಂಟೆ ಹೊಡೆಯುತ್ತಾನೆ, ಮೇಲಿರುವವನು ಕೇಳಿಸಿಕೊಳ್ಳುತ್ತಾನೆ. ಮಧ್ಯೆ ಪಾದರ್ ಯಾಕೆ, ಬಿಷಪ್ ಯಾಕೆ, ರೋಮಿನಲ್ಲಿ ಪೋಪ್ ಯಾಕೆ ಎಂದು ಅವರ ವಾದ. ಪಾಪವನ್ನು ದೇವರಿಗೇ ಹೇಳಿಕೊಳ್ಳಬಹುದಾದರೆ ಪಾದರ್ ಕಿವಿಯಲ್ಲಿ ಹೇಳುವುದೇಕೆ?

ಒಂದು ದಿನ ಆಂಟಿ ಸಾರು ಬಡಿಸುತ್ತಲೇ ಕೇಳಿದರು. "ಏನ್ರೀ, ಗಣಿ ಬಾಯಲ್ಲಿ ಒಬ್ಬ ಆಳು ನಿಂತಿರ್ತಿದ್ನಲ್ಲ? ಕೆಳಗಿನ ಗಂಟೆ ಅವನಿಗೆ ಬಂದು, ಅವನು ನಿಮಗೆ ಒಡೀತಿದ್ದ ಅಂತ ನೀವೇ ಏಳಿದ್ದು. ಅವನು ಒಡೀದೆ ನೀವು ಎಂಜಿನ್ ಮುಟ್ತಿದ್ರಾ?"

ಅಂಕಲ್ ಅಂದು ಸಾರಿಗೆ ಉಪ್ಪು ಕಡಿಮೆ ಎಂದರು.

ಈ ವಾದದ ಹಿಂದೆ ಒಂದು ಗಾಯವಿತ್ತು. ಅವರ ಮದುವೆಯ ಕಾಲಕ್ಕೆ, ಹುಟ್ಟುವ ಮಕ್ಕಳನ್ನು ಕಥೋಲಿಕರಾಗಿ ಬೆಳೆಸುವ ಮಾತು ಕೊಡಬೇಕೆಂದು ಆಂಟಿಯ ಕಡೆಯ ಚರ್ಚಿನಲ್ಲಿ ಕೇಳಿದ್ದರಂತೆ. ಹುಟ್ಟದ ಮಕ್ಕಳ ಪರವಾಗಿ ಯಾರೂ ಮಾತು ಕೊಡಕೂಡದೆಂದು ಅಂಕಲ್ ಪಟ್ಟು ಹಿಡಿದರು. ಮದುವೆ ಪ್ರೊಟೆಸ್ಟೆಂಟ್ ಚರ್ಚಿನಲ್ಲಿ ನಡೆಯಿತು. ಕಥೋಲಿಕರ ಕಾನೂನಿನ ಪ್ರಕಾರ ಅದು ಮದುವೆಯಲ್ಲ. ಹಾಗಾಗಿ ಆಂಟಿ ಪೂಜೆಗೆ ಹೋಗಬಹುದು, ಪರಮಪ್ರಸಾದವೆಂದು ಕೊಡುವ ರೊಟ್ಟಿಯನ್ನು ತೆಗೆದುಕೊಳ್ಳುವಂತಿಲ್ಲ. ಎಲ್ಲರೂ ಸಾಲಾಗಿ ಮುಂದೆ ಹೋಗುವಾಗ ಆಂಟಿ ಕೊನೆಯ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತಿರುತ್ತಿದ್ದರು. ಮಕ್ಕಳಂತೂ ಆಗಲೇ ಇಲ್ಲ.

ಮದುವೆಯಾಗಿ ಮೂವತ್ತೆಂಟು ವರ್ಷವಾದಾಗ ಆಂಟಿಗೆ ಹೃದಯದ ಆಪರೇಷನ್ ಆಗಬೇಕೆಂದು ಬೆಂಗಳೂರಿನ ಡಾಕ್ಟರು ಹೇಳಿದರು. ಅದಕ್ಕೆ ಮುಂಚೆ ಒಂದು ಸಲ ಪ್ರಸಾದ ಬೇಕೆಂದು ಆಂಟಿ ಕೇಳಿದರು. ಹೊಸದಾಗಿ ಬಂದಿದ್ದ ಪಾದರ್ ಒಳ್ಳೆಯ ಹುಡುಗ. ಇಬ್ಬರೂ ಚರ್ಚಿಗೆ ಬಂದು ತಮ್ಮ ಮುಂದೆ, ಇಬ್ಬರು ಸಾಕ್ಷಿಗಳ ಎದುರು ಮತ್ತೆ ಒಪ್ಪಿಗೆ ಹೇಳಿದರೆ ಮದುವೆ ಸರಿಯಾಗುತ್ತದೆ, ಹತ್ತು ನಿಮಿಷದ ಕೆಲಸ ಎಂದರು. ಆ 'ಸರಿಯಾಗುತ್ತದೆ' ಎನ್ನುವ ಮಾತು ಅಂಕಲ್‌ಗೆ ಎದೆಗೇ ನಾಟಿತು. ಒಂದು ವಾರ ಗೋಡೆಯಾಚೆ ವಾದವೇ ಇಲ್ಲ. ಆಗ ನಾನು ಮದುವೆಯಾಗಿ ಬಂಗಾರಪೇಟೆಯಲ್ಲಿ ಟೀಚರಾಗಿದ್ದೆ. ಅಮ್ಮ ಫೋನಿನಲ್ಲಿ, ಪಕ್ಕದ ಮನೆ ಇಷ್ಟು ಸುಮ್ಮನಿದ್ದರೆ ಭಯವಾಗುತ್ತದೆ ಎಂದಳು. ಶನಿವಾರ ಸ್ಕೂಲು ಮುಗಿಸಿ ಬಸ್ಸು ಹತ್ತಿದೆ.

ಅಂಕಲ್ ಜಗಲಿಯಲ್ಲಿ ಕೂತಿದ್ದರು. "ನೀನು ಓದಿದೋಳು. ನಿಂಗೆ ಈ ಕಡೇನೂ ಇಲ್ಲ, ಆ ಕಡೇನೂ ಇಲ್ಲ. ನೀನೇ ಏಳು, ನಂಗೂ ಆರೋಗ್ಯಂಗೂ ಮದ್ವೆ ಆಗೈತಾ, ಇಲ್ವಾ?"

"ಆಗಿದೆ ಅಂಕಲ್" ಎಂದೆ. ಇನ್ನೇನು ಹೇಳಲಿ? ಒಳಗೆ ಆಂಟಿ ಬಟ್ಟೆ ಮಡಿಸುತ್ತಿದ್ದುದು ಕಾಣುತ್ತಿತ್ತು, ಮಾಮೂಲಿಗಿಂತ ನಿಧಾನವಾಗಿ. ಅಂಕಲ್ ಆ ಕಡೆ ಬಹಳ ಹೊತ್ತು ನೋಡಿದರು.

ಮರುದಿನ ಮಧ್ಯಾಹ್ನ ಇಸ್ತ್ರಿ ಮಾಡಿದ ಬಿಳಿ ಶರ್ಟು ತೊಟ್ಟು ನಮ್ಮ ಬಾಗಿಲಿಗೆ ಬಂದರು. ಸಾಕ್ಷಿಗೆ ಯಾವ ಧರ್ಮದವರಾದರೂ ಆಗುತ್ತದಂತೆ, ಹೊರಡು ಎಂದರು. ಹೀಗೆ ಕುಂಕುಮವಿಟ್ಟ ನಾನು ಒಬ್ಬಳು ಸಾಕ್ಷಿ, ಚರ್ಚಿನ ಗಂಟೆ ಬಾರಿಸುವವನು ಇನ್ನೊಬ್ಬ. ಗೇಟಿನ ಹತ್ತಿರ ಅಂಕಲ್ ಸ್ಕೂಟರ್ ನಿಲ್ಲಿಸಿ, ಒಂದು ಕ್ಷಣ ತಡೆದು, ಒಳಗೆ ನಡೆದರು.

ಪಾದರ್ ಪುಸ್ತಕ ತೆರೆಯುವ ಮುಂಚೆ ಅಂಕಲ್ ಹೇಳಿದ್ದು ನನಗೆ ಅಕ್ಷರಕ್ಕೆ ಅಕ್ಷರ ನೆನಪಿದೆ.

"ಒಂದು ಮಾತು ಪಾದರ್. ಮೊದಲನೇದು ಮದ್ವೆ ಅಲ್ಲ ಅಂತ ನನ್ನ ಬಾಯಲ್ಲಿ ಬರಲ್ಲ. ಇವಳನ್ನ ಒಪ್ತೀಯಾ ಅಂತ ಕೇಳಿ. ಅದನ್ನ ನೀವು ದಿನಾ ಕೇಳಿದ್ರೂ ದಿನಾ ಒಪ್ತೀನಿ."

ಪಾದರ್ ಸ್ವಲ್ಪ ಯೋಚಿಸಿ, ಅಷ್ಟೇ ಕೇಳುತ್ತೇನೆ ಎಂದರು. ಅಷ್ಟೇ ಕೇಳಿದರು. ಅಂಕಲ್ ಒಪ್ಪಿದರು. ಆಂಟಿಯೂ ಒಪ್ಪಿದರು. ರಿಜಿಸ್ಟರಿನಲ್ಲಿ ಮದುವೆಯ ತಾರೀಕೆಂದು ಅಂದಿನ ತಾರೀಕನ್ನೇ ಬರೆದಿದ್ದರು. ಅಂಕಲ್ ಸಹಿ ಹಾಕಿ ಪೆನ್ನನ್ನು ನನಗೆ ಕೊಡುತ್ತಾ, "ಈ ತಾರೀಕು ನಂದಲ್ಲ" ಎಂದು ನಮಗೆ ಮಾತ್ರ ಕೇಳುವಂತೆ ಅಂದರು. ಪಕ್ಕದಲ್ಲೇ ಇದ್ದ ಆಂಟಿ ಆ ತಾರೀಕನ್ನು ಮತ್ತೊಮ್ಮೆ ಓದಿದರು.

ಸಂಜೆಯ ಪೂಜೆಯಲ್ಲಿ ಆಂಟಿ ಸಾಲಿನಲ್ಲಿ ನಿಂತು ಪ್ರಸಾದ ತೆಗೆದುಕೊಂಡರು. ಅಂಕಲ್ ಕೊನೆಯ ಬೆಂಚಿನಲ್ಲಿ ನನ್ನ ಪಕ್ಕ ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ಅವರ ಪಂಗಡದಲ್ಲಿ ಆ ರೊಟ್ಟಿ ಕ್ರಿಸ್ತನ ನೆನಪಿಗೆ ಮಾತ್ರ. ಆಂಟಿಗೆ ಅದು ಕ್ರಿಸ್ತನೇ. ಅಂಕಲ್ ಮಂಡಿ ಊರಲಿಲ್ಲ. ಕಣ್ಣು ಮಾತ್ರ ಒರೆಸಿಕೊಂಡರು. ನಾನು ನೋಡದವಳಂತೆ ಇದ್ದೆ.

ಆಪರೇಷನ್ ಚೆನ್ನಾಗಿಯೇ ಆಯಿತು. ಅಂಕಲ್ ಮುಂದಿನ ಭಾನುವಾರಗಳಲ್ಲಿ ಮತ್ತೆ ಗೇಟಿನ ಹೊರಗೇ ನಿಂತರು. ಎರಡು ವರ್ಷದ ಮೇಲೆ, ಗಣಿಯ ಧೂಳು ತಿಂದ ಶ್ವಾಸಕೋಶ ಕೈಕೊಟ್ಟಿತು. ಕೊನೆಯ ಸಲ ನೋಡಲು ಹೋದಾಗ ಆಂಟಿಯಿಂದ ಮಾತು ತೆಗೆದುಕೊಳ್ಳುತ್ತಿದ್ದರು: ನಾನು ಸತ್ತ ಮೇಲೆ ನನ್ನ ಆತ್ಮಕ್ಕೆ ಅಂತ ಪೂಜೆ ಕೊಡಿಸಬೇಡ, ಸತ್ತವನ ವಿಷಯ ದೇವರು ನೋಡಿಕೊಳ್ಳುತ್ತಾನೆ.

ಆಂಟಿ ಮಾತು ಉಳಿಸಿಕೊಂಡರು. ನವೆಂಬರಿನಲ್ಲಿ ಸತ್ತವರ ಹಬ್ಬದ ದಿನ ತಮ್ಮ ತಾಯಿಯ ಆತ್ಮಕ್ಕೆಂದು ಸಮಾಧಿಯ ಮೇಲೆ ಮೇಣದಬತ್ತಿ ಹಚ್ಚಿದರು. ಪ್ರೊಟೆಸ್ಟೆಂಟರ ಸ್ಮಶಾನದಲ್ಲಿರುವ ಅಂಕಲ್ ಸಮಾಧಿಗೆ ಬರೀ ಹೂವು ಇಟ್ಟು ಬಂದರು. ಆ ಸಂಕಟ ಅವರ ಮುಖದಲ್ಲಿತ್ತು.

ಅದಾಗಿ ಕೆಲವು ತಿಂಗಳಿಗೆ ಫೋನ್ ಮಾಡಿ, ಒಂದು ಪೂಜೆ ಕೊಡಿಸಿದ್ದೇನೆ, ಬಾ ಎಂದರು. ಅಂಕಲ್‌ಗೆ ಕೊಟ್ಟ ಮಾತು ಏನಾಯಿತು ಎಂದೆ.

"ಸತ್ತೋರಿಗಲ್ಲ ಕಣಮ್ಮ. ನಮ್ಮ ಮದ್ವೆ ದಿನಕ್ಕೆ."

ನಾನು ಸಹಿ ಹಾಕಿದ ತಾರೀಕು ಅದಲ್ಲ, ಅದು ಅವರ ಮೊದಲ ಮದುವೆಯದು ಎಂದು ಬಸ್ಸಿನಲ್ಲಿ ಕೂತ ಮೇಲೆ ಹೊಳೆಯಿತು. ಪಾದರ್ ಕೂಡ ರಿಜಿಸ್ಟರ್ ತೋರಿಸಿ, ಇಲ್ಲಿನ ಪ್ರಕಾರ ಮೂರನೆಯ ವರ್ಷವಾಗುತ್ತದೆ, ಅದೂ ಈ ತಿಂಗಳಲ್ಲ ಎಂದಿದ್ದರಂತೆ. ಆಂಟಿ ಪೂಜೆಗೆಂದು ಬರೆದುಕೊಟ್ಟ ಚೀಟಿಯನ್ನು ವಾಪಸು ತೆಗೆದುಕೊಂಡಿರಲಿಲ್ಲ.

ಪೂಜೆ ಶುರುವಾಗುವ ಮುಂಚೆ ಪಾದರ್ ಆ ಚೀಟಿಯನ್ನು ಹಾಗೇ ಓದಿದರು: ಸಾಲೊಮನ್, ಆರೋಗ್ಯಮೇರಿ, ನಲವತ್ತೊಂದನೆಯ ಮದುವೆ ದಿನದ ಕೃತಜ್ಞತೆಗಾಗಿ. ಮೈಕು ಜೋರಾಗಿಯೇ ಇತ್ತು. ಗೇಟಿನ ಹೊರಗೆ ನಿಂತವರಿಗೂ ಕೇಳಿಸುತ್ತಿತ್ತು.