ಮೌಶಿಯ ಎಂಟರ ಕ್ಲಾಸು

ನಾವು ಹೊರಟದ್ದು ಜನವರಿಯಲ್ಲಿ, ಸಂಕ್ರಾಂತಿ ಮುಗಿದ ಮೇಲೆ. ಮಂಗಳವಾರವೋ ಬುಧವಾರವೋ ಈಗ ಖಚಿತವಿಲ್ಲ. ದಾರಿಯಲ್ಲಿ ನಾನು ಏನನ್ನೂ ಬರೆದುಕೊಳ್ಳಲಿಲ್ಲ. ಡೈರಿ ತೆರೆದದ್ದು ತಿಂಗಳ ಮೇಲೆ ಕಳೆದ ನಂತರ. ಹಾಗಾಗಿ ಕೆಲವು ಮಾತುಗಳು ಆಡಿದವರ ಬಾಯಿಂದ ಬಂದಂತೆಯೇ ಇಲ್ಲಿರಲಿಕ್ಕಿಲ್ಲ. ಒಂದು ಊರಿನಲ್ಲಿ ಕುಡಿದ ಚಹಾ ಇನ್ನೊಂದು ಊರಿನ ಲೆಕ್ಕಕ್ಕೆ ಸೇರಿರಲೂಬಹುದು. ಚಳಿ ಮಾತ್ರ ನಿಜ. ಚಿಕ್ಕೋಡಿ ಬಸ್ ನಿಲ್ದಾಣದಲ್ಲಿ ಇನ್ನೂ ಕತ್ತಲಿರುವಾಗಲೇ ನಾವಿಬ್ಬರೂ ಶಾಲು ಹೊದ್ದು, ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ನಿಂತಿದ್ದೆವು.

ನಾವಿಬ್ಬರು ಎಂದರೆ ನಾನು ಮತ್ತು ಮೌಶಿ. ಮೌಶಿ ನನ್ನ ಅವ್ವನ ತಂಗಿ. ಶಿಕ್ಷಣ ಇಲಾಖೆಯಲ್ಲಿ ಅಧಿಕಾರಿ. ಈ ಭಾಗದ ಒಂದಷ್ಟು ಸರ್ಕಾರಿ ಪ್ರೌಢಶಾಲೆಗಳ ಉಸ್ತುವಾರಿ ಅವಳದು. ಹತ್ತನೆಯ ತರಗತಿಯಲ್ಲಿ ಹಿಂದೆ ಬಿದ್ದ ಮಕ್ಕಳಿಗಾಗಿ ಅವಳು ಆ ವರ್ಷ ಎಲ್ಲ ಶಾಲೆಗಳಲ್ಲೂ ಬೆಳಿಗ್ಗೆ ಎಂಟಕ್ಕೆ ವಿಶೇಷ ತರಗತಿ ಶುರು ಮಾಡಿಸಿದ್ದಳು. ಟ್ಯೂಷನ್ನಿಗೆ ಹೋಗುವವರಿಗೂ ಹೋಗಲಾಗದವರಿಗೂ ನಡುವಿನ ಅಂತರ ಇದರಿಂದ ಸ್ವಲ್ಪವಾದರೂ ಕಡಿಮೆಯಾದೀತು ಎಂಬುದು ಅವಳ ಆಸೆ. ಶಿಕ್ಷಕರ ಬಾಯಲ್ಲಿ ಅದು 'ಎಂಟರ ಕ್ಲಾಸು' ಆಗಿತ್ತು. ಮುಂಚಿತವಾಗಿ ತಿಳಿಸದೆ ಅದನ್ನು ನೋಡಿಬರಬೇಕೆಂದು ಅವಳು ಇಲಾಖೆಯ ಜೀಪು ಬಿಟ್ಟು ಬಸ್ಸಿಗೆ ಬಂದಿದ್ದಳು. ಧಾರವಾಡದಿಂದ ರಜೆಗೆ ಬಂದಿದ್ದ ನಾನು ಬೆನ್ನು ಹತ್ತಿದ್ದೆ.

"ನೀ ಎದಕ್ಕ ಬರಾಕತ್ತೀದಿ? ಈ ಚಳ್ಯಾಗ ಹೊದ್ಕೊಂಡ ಮಲಗಬಾರದಾ?" ಎಂದಳು ಮೌಶಿ.

"ನಿನ್ನ ದರ್ಬಾರ ನೋಡಾಕ."

"ದರ್ಬಾರ ನೋಡಾಕ ಬಂದಾಕಿ ಡಬ್ಬಿ ಹಿಡಕೋ ಹಂಗಾರ."

ಡಬ್ಬಿ ಅವ್ವನದು. ಮೂರು ಖಾನೆಗಳಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಬದನೆಕಾಯಿ ಪಲ್ಯ. ತಂಗಿ ಎಲ್ಲಿಗಾದರೂ ಹೊರಟರೆ ಅವ್ವ ಇಂದಿಗೂ ಡಬ್ಬಿ ಕಟ್ಟುತ್ತಾಳೆ. ಅವ್ವ ಏಳನೆಯ ತರಗತಿಗೇ ಶಾಲೆ ಬಿಟ್ಟವಳು. "ನನಗ ಓದು ತಲಿಗೆ ಹತ್ತಲಿಲ್ಲ, ನಿಮ್ಮ ಮೌಶಿಗೆ ಹತ್ತಿತು" ಎಂದು ನಾನು ಚಿಕ್ಕವಳಿದ್ದಾಗಿನಿಂದ ಹೇಳುತ್ತ ಬಂದಿದ್ದಾಳೆ. ನಮ್ಮ ಮನೆಯಲ್ಲಿ ಈ ಮಾತನ್ನು ಗೋಡೆಯ ಗಡಿಯಾರದಂತೆ ಎಲ್ಲರೂ ನಂಬಿದ್ದೆವು.

ಕಂಡಕ್ಟರ್ ಆಧಾರ್ ಕಾರ್ಡು ನೋಡಿ ಶೂನ್ಯ ದರದ ಎರಡು ಟಿಕೆಟ್ ಹರಿದುಕೊಟ್ಟ. ಅಂಕಲಿ ದಾಟಿ ಕೃಷ್ಣೆಯ ಸೇತುವೆಗೆ ಬಂದಾಗ ಬೆಳಕಾಯಿತು. ನೀರಿನ ಮೇಲೆ ಮಂಜು ದಪ್ಪಗೆ ಕೂತಿತ್ತು. ಎರಡೆರಡು ಟ್ರೇಲರ್ ಎಳೆದುಕೊಂಡು ಕಬ್ಬಿನ ಟ್ರ್ಯಾಕ್ಟರುಗಳು ಒಂದರ ಹಿಂದೊಂದು ಎದುರಾಗುತ್ತಿದ್ದವು. ಪ್ರತಿ ಸಲವೂ ನಮ್ಮ ಬಸ್ಸು ರಸ್ತೆ ಬಿಟ್ಟು ಕೆಳಗಿಳಿದು ನಿಲ್ಲುತ್ತಿತ್ತು.

ಕಾಗವಾಡ ಕಡೆಯ ಒಂದು ಹಳ್ಳಿಯಲ್ಲಿ ಇಳಿದು ಶಾಲೆಗೆ ಹೋದೆವು. ಕೋಣೆ ತುಂಬಿತ್ತು. ಗಂಡು ಹೆಣ್ಣು ಸೇರಿ ಮೂವತ್ತರ ಆಸುಪಾಸು ಮಕ್ಕಳು. ಕೆಲವರು ಕಿವಿಗೆ ಮಫ್ಲರ್ ಸುತ್ತಿಕೊಂಡೇ ಕೂತಿದ್ದರು. ಮೌಶಿ ಹಿಂದಿನ ಬೆಂಚಿನಲ್ಲಿ ಕುಳಿತು ಪಕ್ಕದ ಹುಡುಗಿಯನ್ನು ಕೇಳಿದಳು: "ಇಷ್ಟ ಲಗೂ ಏಳಾಕ ಬ್ಯಾಸರ ಬರೂದಿಲ್ಲೇನವಾ?"

"ಹಾಲು ಡೇರಿಗೆ ಹಾಕಾಕ ಹೆಂಗೂ ಏಳತೀವ್ರಿ. ಹಾಕಿ ಹಂಗ ಈ ಕಡೆ ಬರ್ತೀವ್ರಿ."

"ಗಣಿತ ಈಗ ತಿಳೀತೈತೇನ?"

ಹುಡುಗಿ ಶಿಕ್ಷಕರ ಕಡೆ ಒಮ್ಮೆ ನೋಡಿ ದನಿ ಇಳಿಸಿದಳು. "ತಿಳೀತೈತ್ರಿ. ಮೊದಲ ಸರ್ ಭಾಳ ಗಡಿಬಿಡಿ ಮಾಡ್ತಿದ್ರು. ಈಗ ಮುಂಜಾನೆ ಸ್ವಲ್ಪ ಶಾಣ್ಯಾ ಆಗ್ಯಾರ್ರಿ."

ಹೊರಗೆ ಬಂದ ಮೇಲೆ ಮೌಶಿ, ಸರ್ ಜಾಣರಾದರೆಂಬ ಆ ಮಾತಿಗೆ ರಸ್ತೆಯಲ್ಲಿ ನಿಂತು ನಕ್ಕಳು. ಅಥಣಿಯ ಬಸ್ ನಿಲ್ದಾಣದಲ್ಲಿ ಡಬ್ಬಿ ಬಿಚ್ಚಿದಾಗಲೂ ನಗುತ್ತಿದ್ದಳು. ಹಾರೂಗೇರಿ, ರಾಯಬಾಗ ದಾಟಿ ಸಂಜೆ ಚಿಕ್ಕೋಡಿಗೆ ಮರಳುವಾಗ ನನ್ನ ಭುಜಕ್ಕೆ ತಲೆಯಿಟ್ಟು ನಿದ್ದೆ ಹೋದಳು. ಅವಳ ಕಿವಿಯ ಮೇಲಿನ ಕೂದಲು ಇಷ್ಟು ಬೆಳ್ಳಗಾದದ್ದನ್ನು ಅಲ್ಲಿಯವರೆಗೆ ನಾನು ನೋಡಿರಲಿಲ್ಲ.

ಎರಡನೆಯ ದಿನ ನಿಪ್ಪಾಣಿ ಕಡೆ ಹೊರಟೆವು. ಚಿಕ್ಕೋಡಿಯಿಂದ ಅಲ್ಲಿಗೆ ಮುಕ್ಕಾಲು ಗಂಟೆಯ ದಾರಿ. ನಿಪ್ಪಾಣಿಯಲ್ಲಿ ಇಳಿದ ಕೂಡಲೇ ಗಾಳಿಯಲ್ಲಿ ತಂಬಾಕಿನ ಘಾಟು. ನನಗೆ ಸೀನು ಬಂತು, ಮೌಶಿಗೆ ಬರಲಿಲ್ಲ. ಅವಳೂ ಅವ್ವನೂ ಹುಟ್ಟಿದ್ದು ಅಲ್ಲಿಂದ ಸ್ವಲ್ಪ ದೂರದ ಅಕ್ಕೋಳದಲ್ಲಿ. ಅಜ್ಜಿ ಬೀಡಿ ಕಟ್ಟಿಯೇ ಮನೆ ನಡೆಸಿದ್ದಳು. ನಾವು ತಲಾ ಇಪ್ಪತ್ತು ರೂಪಾಯಿ ಕೊಟ್ಟು ಟಮ್‌ಟಮ್ ಆಟೋ ಹತ್ತಿ ಬೇರೊಂದು ಹಳ್ಳಿಗೆ ಹೋದೆವು. ಅದರ ಹೆಸರು ಬರೆಯುವುದಿಲ್ಲ.

ಅಲ್ಲಿ ಎಂಟರ ಕ್ಲಾಸಿನಲ್ಲಿ ಏಳೆಂಟು ಮಕ್ಕಳಿದ್ದರು. ಇಸ್ತ್ರಿ ಮಾಡಿದ ಅಂಗಿ, ಎಣ್ಣೆ ಹಚ್ಚಿ ಬಾಚಿದ ತಲೆ. ಮೌಶಿ ಒಬ್ಬೊಬ್ಬರನ್ನೇ ಗಣಿತದ ಅಂಕ ಕೇಳಿದಳು. ಎಲ್ಲರೂ ಎಪ್ಪತ್ತರ ಮೇಲೆ.

"ನೀವೆಲ್ಲಾ ಪಾಸಾಗವ್ರ ಅದೀರಿ. ಈ ಕ್ಲಾಸು ಯಾರಿಗೆ ಅಂತ ಮಾಡೇವೋ ಅವರೆಲ್ಲಿ?"

ಒಬ್ಬಳು ಎದ್ದು ನಿಂತು ಹೇಳಿದಳು: "ಅವರೆಲ್ಲಾ ಎಲಿ ಕತ್ತರಸಾಕತ್ತಿರ್ತಾರ್ರಿ, ಮೇಡಮ್."

ಮೌಶಿ ಅಂಕಪಟ್ಟಿ ತರಿಸಿ ಹಿಂದೆ ಬಿದ್ದವರ ಹೆಸರು ನೋಡಿದಳು. ಎದ್ದು ನಿಂತ ಹುಡುಗಿಯನ್ನೇ ದಾರಿ ಕೇಳಿಕೊಂಡು, ಅವರಲ್ಲಿ ಒಬ್ಬಳಾದ ಸಾನಿಕಾಳ ಮನೆಗೆ ಹೊರಟಳು. ಶಾಲೆಯ ಹಿಂದಿನ ಓಣಿಯಲ್ಲಿ ಮೂರನೆಯ ಮನೆ. ಹೊಸ್ತಿಲಲ್ಲಿ ತಾಯಿ ಮಗಳು ಎದುರುಬದುರು ಕೂತಿದ್ದರು. ರಾತ್ರಿ ತೋಯಿಸಿ ಗೋಣಿತಟ್ಟಿನಲ್ಲಿ ಸುತ್ತಿಟ್ಟ ಬೀಡಿ ಎಲೆಗಳು ನಡುವೆ ಇದ್ದವು. ಸಾನಿಕಾ ಒಂದು ಎಲೆ ತೆಗೆದು, ಅದರ ಮೇಲೆ ತಗಡಿನ ಅಳತೆ ಇಟ್ಟು, ಸುತ್ತಲೂ ಕತ್ತರಿ ಆಡಿಸುತ್ತಿದ್ದಳು. ಬಿಸಿಲೇರುವ ಮೊದಲೇ ಇದು ಮುಗಿಯಬೇಕು. ಎಲೆ ಒಣಗಿದರೆ ಕತ್ತರಿಗೆ ಸೀಳುತ್ತದೆ, ಸೀಳಿದರೆ ದಿನದ ಕೆಲಸ ಕೆಟ್ಟಂತೆ.

ಮೌಶಿ ತಾನು ಯಾರೆಂದು ಹೇಳದೆ, ಶಾಲೆಯ ಕಡೆಯಿಂದ ಬಂದಿದ್ದೇವೆ ಎಂದಷ್ಟೇ ಹೇಳಿದಳು. ತಾಯಿಯ ಕತ್ತರಿ ನಿಲ್ಲಲಿಲ್ಲ.

"ಬರ್ರಿ ಬಾಯಾರ, ಕುಂದರ್ರಿ. ಎಂಟರ ಕ್ಲಾಸಿಗೆ ಕರ್ಯಾಕ ಬಂದೀರೇನ್ರಿ? ಅದನ್ನ ಇಟ್ಟಾಕಿ ಯಾವಾಕಿ ಅಂತ ನಾ ದಿನಾ ಕೇಳ್ತೀನಿ. ಆಕಿ ಮನ್ಯಾಗ ಬೀಡಿ ಕಟ್ಟಿದವರು ಒಬ್ಬರೂ ಇರಾಕಿಲ್ಲ ತಗೋರಿ."

"ಆಯೇ, ಗಪ್ ಕುಂದರ," ತಾಯಿಗೆ ಎಂದಳು ಸಾನಿಕಾ.

"ಇದ್ದರವಾ," ಎಂದಳು ಮೌಶಿ. "ನಮ್ಮವ್ವ ಕಟ್ಟತಿದ್ದಳು. ಕ್ಲಾಸು ಇಟ್ಟಾಕಿ ನಾನ."

ಆಗ ಕತ್ತರಿ ನಿಂತಿತು. ತಾಯಿ ಸೆರಗು ಸರಿಮಾಡಿಕೊಂಡು ಏಳಹೋದಳು. ಮೌಶಿ ಅವಳನ್ನು ಕೂರಿಸಿ, ಚಪ್ಪಲಿ ಬಿಟ್ಟು ಪಕ್ಕದಲ್ಲಿ ತಾನೂ ಕೂತಳು. ಸಾನಿಕಾಳ ಕೈಯಿಂದ ಕತ್ತರಿ ಇಸಿದುಕೊಂಡು ಎಲೆಯ ಮೇಲೆ ತಗಡಿಟ್ಟಳು. ಮೊದಲನೆಯದು ಸೀಳಿತು. ಎರಡನೆಯದೂ ಸೀಳಿತು. ಮೂರನೆಯದರಲ್ಲಿ ತಗಡೇ ಜಾರಿತು.

ತಾಯಿಗೆ ನಗು ತಡೆಯಲಿಲ್ಲ. "ಬಾಯಾರ, ಬೀಡಿ ಮನಿಯವರು ಅಂತೀರಿ, ಕೈ ಹೇಳವಲ್ದಲ್ರಿ! ಸುಮ್ನ ಎಲಿ ಹಾಳ ಮಾಡಬ್ಯಾಡ್ರಿ, ಕೊಡ್ರಿ ಇತ್ಲಾಗ."

ನಾನೂ ನಕ್ಕೆ. ಮೌಶಿ ನಗಲಿಲ್ಲ, ಸೀಳಿದ ಎಲೆಯನ್ನು ಕೈಯಲ್ಲಿ ಹಿಡಿದು ನೋಡುತ್ತಿದ್ದಳು. ಆಮೇಲೆ ಸಾನಿಕಾಳನ್ನು ಕೇಳಿದಳು: "ಸಂಜೀಕ ಕ್ಲಾಸು ಇಟ್ರ ಬರ್ತೀ?"

ಸಾನಿಕಾ ತಾಯಿಯ ಮುಖ ನೋಡಿದಳು. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಅವಳಿಗೆ ಗಣಿತದಲ್ಲಿ ಹನ್ನೊಂದು ಅಂಕ ಬಂದಿತ್ತು. ಮಾರ್ಚಿನಲ್ಲಿ ನಪಾಸಾದರೆ ಶಾಲೆ ಅಲ್ಲಿಗೆ ಮುಗಿಯಿತು, ಈ ಹೊಸ್ತಿಲೇ ಗತಿ ಎಂದು ಮನೆಯಲ್ಲಿ ಮಾತಾಗಿತ್ತಂತೆ.

"ಸಂಜೀಕ ಆದ್ರ ನಾ ಒಬ್ಬಾಕಿನ ಕಟ್ಟತೀನ್ರಿ," ಎಂದಳು ತಾಯಿ. "ಮುಂಜಾನೆ ಎಲಿಗೆ ಎರಡು ಕತ್ತರಿ ಬೇಕ ಬೇಕು. ಆಕಿಗೂ ಓದೂ ಆಸೆ ಐತ್ರಿ. ರಾತ್ರಿ ನಿದ್ದ್ಯಾಗ ಮಗ್ಗಿ ಅಂತಾಳ, ಮನಿಮಂದಿಗೆಲ್ಲಾ ನಿದ್ದಿ ಇಲ್ಲ."

ಶಾಲೆಗೆ ಮರಳಿದಾಗ ಮುಖ್ಯ ಗುರುಗಳು ಗಾಬರಿಯಿಂದ ಕಾಯುತ್ತಿದ್ದರು. ವಿಷಯ ಕೇಳಿ ಮೆಲ್ಲಗೆ ಹೇಳಿದರು: "ಮೇಡಮ್, ಎಲ್ಲಾ ಸಾಲಿಗೂ ಒಂದ ಟೈಮ್ ಅಂತ ಆದೇಶ ಐತ್ರಿ. ನಾವು ಬದಲಾಯಿಸಿದ್ರ ನೀವ ನೋಟೀಸು ಕೊಡತೀರಿ ಅಂತ..."

"ನಾನ ಬರೆದದ್ದು ಸರ್, ನಾನ ತಿದ್ದತೀನಿ. ಎಲ್ಲಾರಿಗೂ ಒಂದ ಟೈಮ್ ಅಂದ್ರ ಎಲ್ಲಾರಿಗೂ ಸಮ ಅಂತ ತಿಳಕೊಂಡಿದ್ದೆ." ಮೌಶಿ ಗಣಿತದ ಶಿಕ್ಷಕರ ಕಡೆ ತಿರುಗಿದಳು. "ನಿಮ್ಮ ಬಸ್ ಎಷ್ಟಕ್ಕ?"

"ಐದಕ್ಕ ಕಡೀ ಬಸ್ಸು, ಮೇಡಮ್." ಅವರು ಕೊಲ್ಹಾಪುರದ ಹತ್ತಿರದವರು, ಕನ್ನಡದಲ್ಲಿ ಮರಾಠಿಯ ರಾಗವಿತ್ತು. "ಗಾಡಿ ತಗೊಂಡು ಬರ್ತೀನ್ರಿ. ಮುಂಜಾನಿ ಕ್ಲಾಸಿನ ಬದಲಿ ಸಂಜೀಕ ತಗೋತೀನಿ. ಮನ್ಯಾಗ ಬಾಯಕೋ ಕೇಳಿದ್ರ ಮಾತ್ರ ನೀವ ಫೋನ್ ಮಾಡಿ ಹೇಳ್ರಿ, ಆಕಿ ನನ್ನ ಮಾತ ನಂಬೂದಿಲ್ಲ."

ಮರಳುವ ಬಸ್ಸಿನಲ್ಲಿ, ನಿಪ್ಪಾಣಿ ಹಿಂದಾದ ಮೇಲೆ, ಮೌಶಿ ನಾನು ಕೇಳದೆಯೇ ಹೇಳಿದಳು: "ನಮ್ಮ ಮನ್ಯಾಗೂ ಮುಂಜಾನೆ ಎಲಿ ಕತ್ತರಸ್ತಿದ್ರು. ನಾ ಆ ಹೊತ್ತಿನ್ಯಾಗ ಮಾಸ್ತರ ಮನೀಗೆ ಲೆಕ್ಕ ಹೇಳಿಸ್ಕೊಳ್ಳಾಕ ಹೋಗಿರ್ತಿದ್ದೆ. ಆ ಹೊತ್ತ ನನಗ ಗೊತ್ತಿಲ್ಲ."

ಎರಡನೆಯ ಕತ್ತರಿ ಯಾರ ಕೈಯಲ್ಲಿತ್ತು ಎಂದು ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಅಜ್ಜಿಗೆ ಇದ್ದದ್ದು ಇಬ್ಬರೇ ಹೆಣ್ಣುಮಕ್ಕಳು, ಅವ್ವ ಮತ್ತು ಮೌಶಿ.

ಚಿಕ್ಕೋಡಿಯಲ್ಲಿ ಅವ್ವ ಬಾಗಿಲಲ್ಲೇ ನಿಂತಿದ್ದಳು. ಖಾಲಿ ಡಬ್ಬಿ ಅಲ್ಲಾಡಿಸಿ ನೋಡಿ ಸಮಾಧಾನಪಟ್ಟಳು.

"ನಿನ್ನ ಎಂಟರ ಕ್ಲಾಸು ಹೆಂಗ ನಡದೈತಿ?"

"ಒಂದೂರಾಗ ಸಂಜೀಕ ಮಾಡೀನಿ, ಅಕ್ಕಾ. ಬೀಡಿ ಕಟ್ಟೂ ಊರಿಗೆಲ್ಲಾ ಸಂಜೀಕನ ಮಾಡಬೇಕು."

"ಮತ್ತ? ಮುಂಜಾನೆ ಎಲಿ ಬಿಟ್ಟು ಯಾವ ಹುಡುಗಿ ಬರ್ತೈತಿ? ಅಷ್ಟೂ ಗೊತ್ತಾಗಲಿಲ್ಲೇನ ನಿನಗ?" ಅವ್ವ ನಗುತ್ತ ಒಳಗೆ ಹೋದಳು. ಮೌಶಿ ಹೊರಡುವಾಗ ಅಕ್ಕನ ಬಲಗೈ ಹಿಡಿದು ಹೆಬ್ಬೆರಳನ್ನು ಒಮ್ಮೆ ಸವರಿದಳು. ಅಲ್ಲೊಂದು ಹಳೆಯ ಗಂಟು ಇದೆ, ಕತ್ತರಿಯ ಹಿಡಿ ಕೂರುವ ಜಾಗದಲ್ಲಿ. ಅದು ಕುಡುಗೋಲಿನ ಗಾಯ ಎಂದು ನಾನು ತಿಳಿದಿದ್ದೆ. ಯಾರು ಹಾಗೆ ಹೇಳಿದ್ದರೋ ನೆನಪಿಲ್ಲ.

ಫೆಬ್ರವರಿಯಲ್ಲಿ ಮೌಶಿ ಫೋನ್ ಮಾಡಿದ್ದಳು. ಸಂಜೆಯ ಕ್ಲಾಸಿಗೆ ಇಪ್ಪತ್ತು ಮಕ್ಕಳು ಬರುತ್ತಿದ್ದಾರಂತೆ. ಸಾನಿಕಾ ಪೂರ್ವಸಿದ್ಧತಾ ಪರೀಕ್ಷೆಯ ಗಣಿತದಲ್ಲಿ ನೂರಕ್ಕೆ ಮೂವತ್ತೆರಡು ತೆಗೆದಿದ್ದಾಳೆ. ದಡ ಇನ್ನೂ ಮೂರು ಅಂಕ ದೂರ. ಮಾರ್ಚಿನ ಪರೀಕ್ಷೆ ಮುಂದಿದೆ.

ನಾನು ಧಾರವಾಡಕ್ಕೆ ಹೊರಡುವ ಹಿಂದಿನ ದಿನ ಅಡುಗೆಮನೆಯಲ್ಲಿ ಅವ್ವನ ಪಕ್ಕ ಕೂತು ಒಂದು ಪ್ರಶ್ನೆ ಕೇಳಿದ್ದೆ. ಅವಳು ಹೆಂಚಿನ ಮೇಲಿನ ರೊಟ್ಟಿಗೆ ನೀರು ಸವರುತ್ತ, "ಮೊದಲ ಉಣ್ಣು, ಆರತೈತಿ" ಎಂದಳು. ಆಮೇಲೆ ಫೋನಿನಲ್ಲಿ ಎರಡು ಸಲ ಕೇಳಿದ್ದೇನೆ. ಒಮ್ಮೆ ಅಲ್ಲಿ ಚಳಿ ಹೇಗಿದೆ ಎಂದು ವಿಚಾರಿಸಿದಳು, ಇನ್ನೊಮ್ಮೆ ಸಾನಿಕಾಳ ಅಂಕ ಕೇಳಿದಳು. ನನ್ನ ಪ್ರಶ್ನೆ ಇಷ್ಟೇ ಇತ್ತು:

"ಅವ್ವಾ, ನಿನಗ ಖರೇನ ಓದು ತಲಿಗೆ ಹತ್ತಿರಲಿಲ್ಲೇನು?"