ಕಿರುಚುವ ಕ್ಯಾಸೆಟ್ಟು

ಚಪ್ಪಲಿ ಕಳಚಿಟ್ಟು ಒಳಗೆ ಕಾಲಿಡಬೇಕಾದ ಜಾಗಗಳು ನನ್ನ ಬಾಲ್ಯದಲ್ಲಿ ಮೂರೇ: ದೇವಸ್ಥಾನ, ಅಡುಗೆಮನೆ, ಸುಗಟೂರಿನ ನಮ್ಮ ಮನೆಯ ರೇಷ್ಮೆಹುಳುವಿನ ಕೋಣೆ. ಎಂಬತ್ತರ ದಶಕದ ನಡುವಿನಲ್ಲಿ ಅವುಗಳ ಜೊತೆಗೆ ನಾಲ್ಕನೆಯದೊಂದು ಸೇರಿತು. ಶ್ರೀನಿವಾಸಪುರದ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ನಾನು ಗಣಿತ ಹೇಳಿಕೊಡುತ್ತಿದ್ದಾಗ, ಅಲ್ಲಿಗೊಂದು ಕಂಪ್ಯೂಟರ್ ಬಂತು; ಅದನ್ನಿಟ್ಟ ಕೋಣೆಗೂ ಚಪ್ಪಲಿ ಬಿಟ್ಟೇ ಹೋಗಬೇಕಿತ್ತು.

ಲೆಕ್ಕದ ಸಾಧನಗಳು ನಮ್ಮ ತಲೆಮಾರಿನ ಕಣ್ಣೆದುರೇ ಎಷ್ಟು ಬೇಗ ರೂಪ ಬದಲಿಸಿದವೆಂದರೆ, ಒಂದಕ್ಕೆ ಅಚ್ಚರಿಪಟ್ಟು ಮುಗಿಯುವಷ್ಟರಲ್ಲಿ ಇನ್ನೊಂದು ಬಾಗಿಲಲ್ಲಿರುತ್ತಿತ್ತು. ಕಾಲೇಜಿನಲ್ಲಿ ನಾನು ಲಾಗರಿತಮ್ ಪುಸ್ತಕದ ಸಾಲುಗಳ ಮೇಲೆ ಅಡಿಪಟ್ಟಿ ಇಟ್ಟುಕೊಂಡು ಲೆಕ್ಕ ಮಾಡಿದವಳು. ಕಂಪ್ಯೂಟರಿಗೆ ಇಡೀ ಕೋಣೆಯೇ ಬೇಕು, ರಟ್ಟಿನ ಕಾರ್ಡುಗಳಲ್ಲಿ ತೂತು ಕೊರೆದು ಅದಕ್ಕೆ ಪ್ರಶ್ನೆ ಕೇಳಬೇಕು ಎಂದು ಆಗಿನ ಮೇಷ್ಟ್ರು ಹೇಳಿದ್ದರು. ಕೆಲಸಕ್ಕೆ ಸೇರಿದ ಮೇಲೆ ಅಂಗೈಯಗಲದ ಕ್ಯಾಲ್ಕ್ಯುಲೇಟರ್ ಕಂಡೆ. ಈಗ ನೋಡಿದರೆ ಆ ಕೋಣೆಯೇ ಕುಗ್ಗಿ ಮೇಜಿನ ಮೇಲೆ ಕೂತಿತ್ತು: ಒಂದು ಕೀಲಿಮಣೆ, ಒಂದು ಟೀವಿ, ಪಕ್ಕದಲ್ಲೊಂದು ಸಾಧಾರಣ ಟೇಪ್ ರೆಕಾರ್ಡರ್.

ಟೇಪ್ ರೆಕಾರ್ಡರ್ ಏಕೆಂದು ನೀವು ಕೇಳಬಹುದು. ನೆನಪಿಡುವ ಕೆಲಸ ಅದರದು. ವಿದ್ಯುತ್ ಹೋದರೆ ಯಂತ್ರ ಎಲ್ಲವನ್ನೂ ಮರೆಯುತ್ತಿತ್ತು. ಮಕ್ಕಳು ಕೀಲಿಮಣೆಯಲ್ಲಿ ಬರೆದ ಪ್ರೋಗ್ರಾಮು ಕ್ಯಾಸೆಟ್ಟಿನಲ್ಲಿ ಕಿರುಚುವ ಸದ್ದಾಗಿ ಉಳಿಯುತ್ತಿತ್ತು. ಮರುದಿನ ಆ ಸದ್ದನ್ನು ಕೇಳಿಸಿದರೆ ಯಂತ್ರಕ್ಕೆ ಎಲ್ಲವೂ ನೆನಪಾಗುತ್ತಿತ್ತು.

ಎರಡು ತಿಂಗಳಾದ ಮೇಲೆ ಒಂದು ಸೋಮವಾರ ಅದಕ್ಕೆ ಏನೂ ನೆನಪಾಗಲಿಲ್ಲ. ಎಷ್ಟು ಸಲ ಟೇಪು ಹಾಕಿದರೂ ಟೀವಿಯ ಮೇಲೆ ತಪ್ಪೆಂಬ ಸೂಚನೆಯೇ ಬರುತ್ತಿತ್ತು.

"ಮೇಡಂ, ಶನಿವಾರ ಇಲಾಖೆ ಸಾಹೇಬರು ಬರ್ತಾರೆ. ನಡೀದೆ ಇದ್ರೆ ಬೆಂಗಳೂರಿನ ಶಾಲೆಗೆ ಎತ್ಕೊಂಡು ಹೋಗ್ತಾರಂತೆ," ಎಂದರು ಹೆಡ್ಮೇಷ್ಟ್ರು.

ನನ್ನನ್ನು ತಟ್ಟಿದ್ದು ಆ ಮಾತಲ್ಲ, ಹತ್ತನೇ ತರಗತಿಯ ಗಿರಿಜೆ ಮೆಲ್ಲಗೆ ಕೇಳಿದ್ದು. "ಮೇಡಂ, ನಾವು ಬರೆದಿದ್ದೆಲ್ಲಾ ಹೋಯ್ತಾ?" ಹಿಪ್ಪುನೇರಳೆ ಸೊಪ್ಪು ಕೊಯ್ದಿಟ್ಟು ಶಾಲೆಗೆ ಬರುತ್ತಿದ್ದ ಹುಡುಗಿ ಅವಳು. ಊಟದ ಬಿಡುವನ್ನೆಲ್ಲ ಆ ಯಂತ್ರದ ಮುಂದೆಯೇ ಕಳೆದಿದ್ದಳು.

ಮರುದಿನ ರಜೆ ಹಾಕಿ, ರೆಕಾರ್ಡರನ್ನೂ ಕ್ಯಾಸೆಟ್ಟನ್ನೂ ಮಡಿಲಲ್ಲಿಟ್ಟುಕೊಂಡು ಕೋಲಾರದ ಬಸ್ಸು ಹತ್ತಿದೆ. ಅಲ್ಲಿ ರಶೀದ್ ಸಾಹೇಬರು ರೇಡಿಯೋ, ಟೇಪ್ ರೆಕಾರ್ಡರ್ ರಿಪೇರಿ ಮಾಡುತ್ತಿದ್ದರು. ಕ್ಯಾಸೆಟ್ಟು ಹಾಕಿದೊಡನೆ ಅಂಗಡಿಯಲ್ಲಿದ್ದವರೆಲ್ಲ ಕಿವಿ ಮುಚ್ಚಿಕೊಂಡರು. ಅವರು ಮಾತ್ರ ಕಣ್ಣು ಮುಚ್ಚಿ ಕೇಳಿದರು.

"ಇದು ಹಾಡಲ್ಲ, ಕಂಪ್ಯೂಟರಿನ ಪಾಠ," ಎಂದೆ ಸಂಕೋಚದಿಂದ.

"ಪಾಠ ಸರಿ ಇದೆ ಮೇಡಂ, ಓದೋವ್ನೇ ತೂಕಡಿಸ್ತಾ ಅವ್ನೆ. ದನಿ ಎಳೀತಾ ಐತೆ, ಕೇಳಿಸ್ತಾ? ಒಳಗಿನ ಬೆಲ್ಟು ಸಡಿಲ ಆಗೋಗೈತೆ."

ಹುಣಸೆಬೀಜದ ಬಣ್ಣದ ತೆಳುವಾದ ರಬ್ಬರ್ ಬಳೆಯೊಂದನ್ನು ಹೊರತೆಗೆದು, ಹೊಸದನ್ನು ಹಾಕಿದರು. ಕಂಪ್ಯೂಟರನ್ನು ಅವರು ಕಣ್ಣಾರೆ ಕಂಡಿರಲಿಲ್ಲ. ಅದರ ಕಾಯಿಲೆಯನ್ನು ಕಿವಿಯಿಂದಲೇ ಹಿಡಿದಿದ್ದರು. ಮನುಷ್ಯನ ಜಾಣ್ಮೆಯ ಚರಿತ್ರೆಯಲ್ಲಿ ದೊಡ್ಡ ಶೋಧಗಳಿಗೆ ಮೈಲಿಗಲ್ಲುಗಳಿರುತ್ತವೆ. ಆದರೆ ಒಂದು ಕಲ್ಲಿನಿಂದ ಇನ್ನೊಂದಕ್ಕೆ ನಮ್ಮನ್ನು ದಾಟಿಸುವವರು ಇಂಥವರೇ ಎಂದು ವಾಪಸು ಬರುವ ಬಸ್ಸಿನಲ್ಲಿ ನನಗನ್ನಿಸಿತು.

ಬುಧವಾರ ಬೆಳಿಗ್ಗೆ ಟೇಪು ಹಾಕಿದೆವು. ಗಿರಿಜೆ ಬರೆದದ್ದು ಸಾಲುಸಾಲಾಗಿ ಮೂಡಿತು. "ಅಯ್ಯೋ ದೇವುಡಾ, ಬಂತು!" ಎಂದು ಅವಳು ಕೂಗಿದ್ದು ಹೆಡ್ಮೇಷ್ಟ್ರ ಕೋಣೆಗೂ ಕೇಳಿಸಿತು. ಶನಿವಾರ ಬಂದ ಸಾಹೇಬರು ಅವಳು ಯಂತ್ರಕ್ಕೆ ಬರೆದಿದ್ದ ಮಗ್ಗಿ ಪರೀಕ್ಷೆಗೆ ಕೂತು ಎರಡು ಉತ್ತರ ತಪ್ಪಿ, "ಇದು ಇಲ್ಲೇ ಇರ್ಲಿ," ಎಂದು ನಗುತ್ತಾ ಎದ್ದರು.

ಮುಂದಿನ ವಾರ ರಶೀದ್ ಸಾಹೇಬರನ್ನು ಶಾಲೆಗೆ ಕರೆಸಿದೆ. ಗಿರಿಜೆ ಅವರ ಹೆಸರು ಕೇಳಿ ಕೀಲಿಮಣೆಯ ಮೇಲೆ ಬೆರಳಾಡಿಸಿದಳು. ರಶೀದ್ ಸಾಹೇಬರಿಗೆ ನಮಸ್ಕಾರ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಟೀವಿಯ ತುಂಬ ಮೂಡಿತು. ಅವರು ಅದನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿದರು. ಆಮೇಲೆ ಹಣೆಗೆ ಕೈಯೇರಿಸಿ ಯಂತ್ರಕ್ಕೊಂದು ಸಲಾಮು ಹಾಕಿ, ಹುಡುಗಿಯರ ಕಡೆ ತಿರುಗಿ ಹೇಳಿದರು:

"ಇಪ್ಪತ್ತು ವರ್ಷದಿಂದ ರಿಪೇರಿ ಮಾಡ್ತಾ ಇದೀನಮ್ಮ. ಸರಿಹೋದ ಮೇಲೆ ನನ್ನ ಮಾತಾಡಿಸಿದ್ದು ಇದೊಂದೇ."