ಏನೇನು ಕೆಡಬಹುದು ಹೇಳಮ್ಮ

ಅವರ ಕನ್ನಡಕಕ್ಕೆ ಎಡಗಡೆಯ ಕಡ್ಡಿ ಇರಲಿಲ್ಲ. ಆ ಜಾಗಕ್ಕೆ ಸೈಕಲ್ ಚಕ್ರದ ಸ್ಪೋಕ್ ಕಡ್ಡಿಯೊಂದನ್ನು ಬಗ್ಗಿಸಿ ಸಿಕ್ಕಿಸಿದ್ದರು. ಕಿವಿ ಕೊರೆಯದಿರಲೆಂದು ಅದರ ತುದಿಗೆ ಕೆಂಪು ವೈರಿನ ಸಿಪ್ಪೆ ತೊಡಿಸಿದ್ದರು. ಹೊಸದು ಕೊಳ್ಳಲಾಗದಷ್ಟು ಬಡತನವೇನೂ ಅಲ್ಲ. ಅವರ ಹೆಂಡತಿ ಒಮ್ಮೆ ಕೋಲಾರದಿಂದ ಹೊಸ ಫ್ರೇಮು ತಂದುಕೊಟ್ಟರೆ ಎರಡು ದಿನ ಹಾಕಿಕೊಂಡು ಬಿಚ್ಚಿಟ್ಟರಂತೆ, ಮುರಿದರೆ ರಿಪೇರಿ ಮಾಡುವುದು ಹೇಗೆಂದು ಇದರಲ್ಲಿ ಗೊತ್ತಾಗುವುದಿಲ್ಲ ಎಂದು.

ಹುತ್ತೂರಿನ ಬಸ್ ನಿಲ್ಲುವ ಜಾಗದ ಎದುರು ಅವರ ರೇಡಿಯೊ ರಿಪೇರಿ ಅಂಗಡಿ. ಊರಿನವರಿಗೆ ಅವರು ರೇಡಿಯೊದವರು, ನನಗೆ ಅಣ್ಣ. ಹುಟ್ಟಿದ್ದು ಯಲ್ದೂರಿನ ಕಡೆ, ಹಾಗಾಗಿ ಮಾತಿನ ನಡುವೆ ತೆಲುಗು ತಾನಾಗಿ ನುಸುಳುತ್ತಿತ್ತು. ಒಂಬತ್ತು ವೋಲ್ಟಿನ ಚೌಕ ಬ್ಯಾಟರಿಯನ್ನು ನಾಲಿಗೆಗೆ ಮುಟ್ಟಿಸಿ, ಉಪ್ಪಿನಕಾಯಿಯ ರುಚಿ ನೋಡುವವರ ಹಾಗೆ ಕಣ್ಣು ಮುಚ್ಚಿ, ಇನ್ನೂ ಎಷ್ಟು ದಿನ ಬರುತ್ತದೆಂದು ಹೇಳುತ್ತಿದ್ದರು. ಅದನ್ನು ನೋಡಿದಾಗಲೆಲ್ಲ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು.

ನನ್ನ ಎದೆ ಹೊಡೆದುಕೊಳ್ಳಲು ಬ್ಯಾಟರಿಯೇ ಬೇಕೆಂದಿಲ್ಲ. ಇಷ್ಟು ಬರೆಯುವುದರೊಳಗೆ ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ಎರಡು ಸಲ ಎದ್ದು ನೋಡಿ ಬಂದಿದ್ದೇನೆ. ಆರಿಸಿದ್ದೆ. ಎರಡನೆಯ ಸಲವೂ ಆರಿಸಿಯೇ ಇತ್ತು.

ನಾನು ಮದುವೆಯಾಗಿ ಹುತ್ತೂರಿಗೆ ಬಂದದ್ದು ತೊಂಬತ್ತರ ದಶಕದ ನಡುವಿನಲ್ಲಿ. ಅತ್ತೆಮನೆಯಲ್ಲಿ ರೇಷ್ಮೆ ಸಾಕುತ್ತಿದ್ದರು. ಮೂರನೆಯ ವರ್ಷ ಅತ್ತೆಗೆ ಮಂಡಿನೋವು ಹೆಚ್ಚಾಗಿ, ಬೇಸಿಗೆಯ ಒಂದು ಬೆಳೆಯನ್ನು ಪೂರ್ತಿ ನನ್ನ ಕೈಗೆ ಬಿಟ್ಟರು. ನನ್ನ ಕೈಯಲ್ಲಿ ಬೆಳೆ ಬಂದರೆ ಹುಳುಮನೆ ನನ್ನದು. ಬರದಿದ್ದರೆ ಹಿಪ್ಪುನೇರಳೆ ಕಿತ್ತು ಟೊಮ್ಯಾಟೊ ಹಾಕುವುದೆಂದು ಮಾವ ಮೊದಲೇ ಹೇಳಿದ್ದರು. ಟೊಮ್ಯಾಟೊ ಗಂಡಸರ ಬೆಳೆ. ಅದರಲ್ಲಿ ನನಗೆ ಉಳಿಯುವುದು ಬುತ್ತಿ ಹೊರುವ ಕೆಲಸ ಮಾತ್ರ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು.

ಬೇಸಿಗೆಯ ಬಿಸಿಲಿಗೆ ಹುಳ ಸೊಪ್ಪು ತಿನ್ನುವುದನ್ನೇ ಬಿಡುತ್ತದೆ. ಹಗಲು ಕರೆಂಟು ಇರುತ್ತಿರಲಿಲ್ಲ. ಕೂಲರ್ ಕೊಳ್ಳುವ ಮಾತು ನಮ್ಮ ಮನೆಯಲ್ಲಿ ಯಾರ ಬಾಯಲ್ಲೂ ಬರುತ್ತಿರಲಿಲ್ಲ. ಅಣ್ಣನ ಹತ್ತಿರ ಕಷ್ಟ ಹೇಳಿಕೊಂಡೆ. ಹತ್ತು ದಿನದಲ್ಲಿ ಅವರು ಒಂದು ಪೆಟ್ಟಿಗೆ ಹೊತ್ತುಕೊಂಡು ಬಂದರು. ಲಾರಿ ಕ್ಯಾಬಿನ್ನಿನ ಪುಟ್ಟ ಫ್ಯಾನು, ಮಾಲೂರಿನ ಗುಜರಿಯಲ್ಲಿ ಸಿಕ್ಕ ಬ್ಯಾಟರಿ, ಒಂದು ಎಣ್ಣೆ ಡಬ್ಬ, ಮೂರು ಗೋಣಿಚೀಲ. ಡಬ್ಬದ ನೀರು ಗೋಣಿಯ ಮೇಲೆ ತೊಟ್ಟಿಕ್ಕುತ್ತದೆ, ಫ್ಯಾನು ಹೊರಗಿನ ಗಾಳಿಯನ್ನು ಆ ಒದ್ದೆ ಗೋಣಿಯ ಮೂಲಕ ಒಳಕ್ಕೆ ಎಳೆಯುತ್ತದೆ. ನೀರು ತಳಕಂಡರೆ ತೇಲುತ್ತಿರುವ ಹವಾಯಿ ಚಪ್ಪಲಿಯ ತುಂಡು ಕೆಳಗಿಳಿದು ಎರಡು ತಂತಿ ಕೂಡಿಸುತ್ತದೆ, ಬಜರ್ ಕೂಗುತ್ತದೆ. ಚಪ್ಪಲಿ ಯಾರದೆಂದು ಅತ್ತೆ ವಿಚಾರಿಸಿದರು. ಹೊಸದೇ ಎಂದು ಅಣ್ಣ ಆಣೆ ಮಾಡಿದ ಮೇಲೆ ಹುಳುಮನೆಗೆ ಬಿಟ್ಟುಕೊಂಡರು.

ನಾನು ಸುಮ್ಮನಿರಲಿಲ್ಲ. ಇಲಿ ವೈರು ಕಡಿದರೆ ಎಂದು ಕೇಳಿದೆ. ಬ್ಯಾಟರಿಗೆ ಬೆಂಕಿ ಹತ್ತಿದರೆ? ಬಜರಿನ ಸದ್ದಿಗೆ ಹುಳ ಹೆದರಿದರೆ? ಮಾವ ನಕ್ಕರು, ನನ್ನ ಗಂಡ ನಕ್ಕರು, ಅಣ್ಣನೂ ಸ್ಪೋಕ್ ಕಡ್ಡಿ ಅಲ್ಲಾಡುವಷ್ಟು ನಕ್ಕರು.

“ಒಳ್ಳೇದು ಮಾಡೋಕೆ ಬಂದವರ ಮುಂದೆ ಅಪಶಕುನ ನುಡೀತೀಯಲ್ಲೇ. ಬಾಯಿ ಮುಚ್ಕೊಂಡು ಕಾಫಿ ತಗೊಂಬಾ” ಎಂದರು ಅತ್ತೆ.

ಕಾಫಿ ತರಲು ಹೋದೆ. ತಿರುಗಿ ಬರುವಾಗ ಅಣ್ಣ ಪೆಟ್ಟಿಗೆ ಕೂರಿಸಲು ಪಡುವಣ ಕಿಟಕಿಯ ಸರಳು ಬಿಚ್ಚುತ್ತಿದ್ದರು. ಒಳ್ಳೆಯ ಗಾಳಿ ಇರುವುದು ಆ ಕಡೆಯೇ. ಕಿಟಕಿಯಾಚೆ ಪಕ್ಕದವರ ಟೊಮ್ಯಾಟೊ ತೋಟ. ಅದಕ್ಕೆ ಔಷಧಿ ಹೊಡೆಯುವ ದಿನ ನಾವು ಆ ಕಿಟಕಿ ಮುಚ್ಚಿ, ಸಂದಿಗೆ ಬಟ್ಟೆ ತುರುಕುವುದು ವಾಡಿಕೆ. ರೇಡಿಯೊ ಬಿಚ್ಚುವವರಿಗೆ ಅದು ಗೊತ್ತಿರಲು ಕಾರಣವಿಲ್ಲ. ಮಾತು ನಾಲಿಗೆಯ ತುದಿಗೆ ಬಂತು. ಆಗತಾನೆ ಮೂರು ಸಲ ನಗಿಸಿಕೊಂಡಿದ್ದೆ. ನುಂಗಿಕೊಂಡು ಕಾಫಿ ಕೊಟ್ಟೆ.

ಪೆಟ್ಟಿಗೆ ಅಚ್ಚುಕಟ್ಟಾಗಿ ಕೆಲಸ ಮಾಡಿತು. ಹುಳ ನಾಲ್ಕನೇ ಜ್ವರ ಕಳೆದು ಎದ್ದವು. ಪೊರೆ ಕಳಚುವ ಮುಂಚೆ ಅವು ತಿನ್ನದೆ ಮಲಗುವುದಕ್ಕೆ ನಮ್ಮಲ್ಲಿ ಜ್ವರವೆಂದೇ ಹೇಳುತ್ತಾರೆ. ಆಮೇಲೆ ಮಳೆ ಬಂದ ಹಾಗೆ ಸದ್ದು ಮಾಡುತ್ತಾ ಸೊಪ್ಪು ತಿಂದವು. ಹಣ್ಣಾಗಿ ಗೂಡು ಕಟ್ಟಲು ಇನ್ನು ಎರಡೇ ದಿನ ಇದ್ದಾಗ ಪಕ್ಕದವರು ಎಂದಿನಂತೆ ಬೆಳಿಗ್ಗೆ ಔಷಧಿ ಹೊಡೆದರು. ನಾನು ಸೊಪ್ಪು ಕೊಯ್ಯಲು ಹೋಗಿದ್ದೆ. ಯಾರೂ ಫ್ಯಾನು ನಿಲ್ಲಿಸಲಿಲ್ಲ. ಹಿಂತಿರುಗಿ ಬಾಗಿಲು ತೆಗೆದಾಗ ಮೊದಲು ವಾಸನೆ ಬಂತು. ಆಮೇಲೆ ಕಂಡದ್ದು ತಟ್ಟೆಗಳ ತುಂಬ ಹಸಿರು ಕಕ್ಕುತ್ತಾ ತಲೆ ಎತ್ತಿ ಎತ್ತಿ ಹೊರಳುತ್ತಿದ್ದ ಹುಳ. ಸಂಜೆಯ ಹೊತ್ತಿಗೆ ಹುಳುಮನೆಯಲ್ಲಿ ಸದ್ದೇ ಇರಲಿಲ್ಲ.

ಅಣ್ಣ ಓಡಿ ಬಂದರು. ಪೆಟ್ಟಿಗೆ ಬಿಚ್ಚಿ, ವೈರುಗಳನ್ನೆಲ್ಲ ಮುಟ್ಟಿ ನೋಡಿ, ಎಲ್ಲ ಸರಿಯಾಗಿಯೇ ಇದೆಯಲ್ಲ ಎಂದು ಜಗುಲಿಯ ಮೇಲೆ ಕುಸಿದು ಕೂತರು. ನಾನು ಅಳುತ್ತಲೇ ಪಡುವಣ ಕಿಟಕಿಯ ಕಡೆ ಕೈ ತೋರಿಸಿದೆ. ಅವರು ಟೊಮ್ಯಾಟೊ ತೋಟ ನೋಡಿದರು, ಪೆಟ್ಟಿಗೆ ನೋಡಿದರು, ನನ್ನನ್ನು ನೋಡಿದರು.

“ನಿಂಗೆ ಮೊದಲೇ ಗೊತ್ತಿತ್ತಾಮ್ಮ?”

“ನೀವು ಸರಳು ಬಿಚ್ಚೋವಾಗ್ಲೇ ಅನ್ನಿಸ್ತು ಅಣ್ಣ.”

“ಯಾಕಮ್ಮ ಹೇಳ್ಲಿಲ್ಲ?”

“ನಗ್ತೀರ ಅಂತ.”

ಅವರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಬಹಳ ಹೊತ್ತು ಒರೆಸಿದರು. ಮಾವ ಒಳಗಿಂದ ಗೊಣಗುವುದು ಕೇಳಿಸುತ್ತಿತ್ತು. ಅಣ್ಣ ಎದ್ದು ಹೋಗಿ ಮಾವನ ಮುಂದೆ ನಿಂತು, ತಪ್ಪು ತನ್ನದು, ಹುಡುಗಿಯದಲ್ಲ, ಇನ್ನೊಂದೇ ಬೆಳೆಗೆ ಅವಕಾಶ ಕೊಡಿ ಎಂದು ಕೇಳಿಕೊಂಡರು. ನನ್ನ ಪರವಾಗಿ ಆ ಮನೆಯಲ್ಲಿ ಯಾರಾದರೂ ಮಾತಾಡಿದ್ದು ಅದೇ ಮೊದಲು.

ವಾರದ ನಂತರ ಮತ್ತೆ ಬಂದರು. ಈ ಸಲ ಪೆಟ್ಟಿಗೆಯನ್ನು ಬಾಗಿಲಲ್ಲೇ ಇಟ್ಟು, ಒಳಗೆ ಬಾರದೆ, ಎಲ್ಲರ ಎದುರಿಗೇ ಕೇಳಿದರು. “ಚೂಡಮ್ಮಾ, ಇಲ್ಲಿ ನೋಡು, ಕೂತ್ಕೊ. ಇದರಲ್ಲಿ ಏನೇನು ಕೆಡಬಹುದು ಹೇಳಮ್ಮ. ಒಂದೂ ಬಿಡಬೇಡ.”

ಒಂದನ್ನೂ ಬಿಡಲಿಲ್ಲ. ಅಷ್ಟು ವರ್ಷ ಕೂಡಿಟ್ಟಿದ್ದನ್ನೆಲ್ಲ ಸುರಿದೆ. ಅವರು ಸಿಗರೇಟು ಪ್ಯಾಕಿನ ಹಿಂಬದಿಯಲ್ಲಿ ಬರೆದುಕೊಂಡರು. ಪೆಟ್ಟಿಗೆ ತಿರುಗಿ ಒಳಾಂಗಣದ ಕಡೆ ಮುಖ ಮಾಡಿತು, ಇಲಿಗಾಗಿ ವೈರಿಗೆ ತಗಡಿನ ಕೊಳವೆ ಬಂತು. ಸಿಡಿಲಿನ ಬಗ್ಗೆ ಕೇಳಿದ್ದಕ್ಕೆ ಮಾತ್ರ ಅದು ಮೇಲಿನವನ ಇಲಾಖೆ ಎಂದರು. ಆ ಬೆಳೆ ಬಂತು. ಹುಳ ಹಣ್ಣಾಗಿ, ಗೂಡು ಕಟ್ಟಲು ಚಂದ್ರಿಕೆಯ ಬಿದಿರು ತಟ್ಟಿಗೆ ಬಿಟ್ಟ ದಿನ ಅತ್ತೆ ಕಾಫಿಯನ್ನು ತಾವೇ ಮಾಡಿ ಅಣ್ಣನಿಗೊಂದು ಲೋಟ, ನನಗೊಂದು ಲೋಟ ತಂದಿಟ್ಟರು. ಹಿಪ್ಪುನೇರಳೆ ಕೀಳುವ ಮಾತನ್ನು ಮಾವ ಮತ್ತೆ ಎತ್ತಲಿಲ್ಲ.

ಅಲ್ಲಿಂದಾಚೆಗೆ ಅವರು ಏನೇ ಮಾಡಲಿ, ಮೊದಲು ನಮ್ಮ ಜಗುಲಿಗೆ ಬರುತ್ತಿತ್ತು. ಹೋಳೂರಿನವರಿಗೆ ಸೊಪ್ಪು ಕತ್ತರಿಸುವ ಪೆಡಲ್ ಯಂತ್ರ ಮಾಡಿದಾಗ ಸೆರಗು ಸಿಕ್ಕಿಕೊಂಡರೆ ಎಂದೆ, ಚಕ್ರಕ್ಕೆ ಮರೆ ಬಂತು. ಮೊಬೈಲ್ ಬಂದ ಮೇಲೆ ಯಲ್ದೂರಿನ ಮಾವಿನ ತೋಟದವರಿಗಾಗಿ, ಮಿಸ್ಡ್ ಕಾಲ್ ಕೊಟ್ಟರೆ ಪಂಪು ಶುರುವಾಗುವ ಸ್ಟಾರ್ಟರ್ ಕಟ್ಟಿ ತಂದರು. ಹಳೆಯ ಹ್ಯಾಂಡ್‌ಸೆಟ್ಟೊಂದನ್ನು ತಗಡಿನ ಡಬ್ಬಿಯಲ್ಲಿ ಕೂರಿಸಿದ್ದರು, ಮುಖದಲ್ಲಿ ಮದುಮಗನ ಕಳೆ.

“ರಾಂಗ್ ನಂಬರ್ ಬಂದ್ರೆ?” ಎಂದೆ.

ಅವರು ನಗಲಿಲ್ಲ. ಡಬ್ಬಿ ಎತ್ತಿಕೊಂಡು ಎದ್ದು ಹೋದರು. ಮುಂದಿನ ವಾರ ಅದು ಎರಡು ಸಲ ಬಿಟ್ಟು ಬಿಟ್ಟು ಕರೆ ಬಂದರೆ ಮಾತ್ರ ಪಂಪು ಹಾಕುವಂತಾಗಿತ್ತು. ಮುಳಬಾಗಿಲಿನಿಂದ ಯಾರೋ ಇಂಜಿನಿಯರ್ ಅದನ್ನು ನೋಡಲು ಬಂದಾಗ ಅವರನ್ನು ನಮ್ಮ ಮನೆಗೇ ಕರೆತಂದು, ಪರೀಕ್ಷೆ ಮಾಡುವವರು ಇವರೇ ಎಂದು ಪರಿಚಯಿಸಿದರು. ನಾನು ಹಿಟ್ಟಿನ ಕೈಯಲ್ಲಿ ನಮಸ್ಕಾರ ಮಾಡಿದೆ. ಹೆದರುವುದು ಒಂದು ಕೆಲಸ, ಅದಕ್ಕೂ ಜನ ಬೇಕು ಎಂದು ನನಗೆ ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ.

ಕೆಲವು ವರ್ಷಗಳ ಮೇಲೆ ಅವರಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಹೋದವು, ಮಾತು ಅರ್ಧಂಬರ್ಧ ಆಯಿತು. ನೋಡಲು ಹೋದಾಗ ಹಿಂದಿನ ಕೋಣೆಯಲ್ಲಿ ಮಂಚದ ಮೇಲೆ ಮಲಗಿದ್ದರು. ಎಡಗೈಯ ಹತ್ತಿರ ಸೈಕಲ್ಲಿನ ಬ್ರೇಕ್ ವೈರು. ಅದನ್ನು ಗೋಡೆಯುದ್ದಕ್ಕೂ ಎಳೆದು ಅಡುಗೆಮನೆಯ ಗಂಟೆಗೆ ಕಟ್ಟಿಸಿದ್ದರು. ಎಳೆದರೆ ಹೆಂಡತಿ ಬರುತ್ತಾರೆ. ನನಗೆ ಎಳೆದು ತೋರಿಸಿದರು, ಅತ್ತಿಗೆ ಬಂದು ಸುಮ್ಮನೆ ಕರೆದದ್ದಕ್ಕೆ ಬೈದು ಹೋದರು. ಅಣ್ಣನ ಅರ್ಧ ಮುಖ ನಕ್ಕಿತು.

“ಏನೇನು... ಕೆಡಬಹುದು... ಹೇಳಮ್ಮ.”

ನನಗೆ ನೋಡಿದ ತಕ್ಷಣ ಹೊಳೆದಿತ್ತು. ಆದರೆ ಅದು ಹೇಳುವ ಮಾತೇ?

“ಏನೂ ಕೆಡಲ್ಲ ಅಣ್ಣ. ಚೆನ್ನಾಗಿದೆ.”

ಅವರು ನನ್ನನ್ನೇ ನೋಡುತ್ತಾ ಕಾದರು. ಕನ್ನಡಕದ ಸ್ಪೋಕ್ ಕಡ್ಡಿ ದಿಂಬಿಗೆ ಒತ್ತಿಕೊಂಡು ಬಾಗಿತ್ತು. ಆ ಪಡುವಣ ಕಿಟಕಿ ನೆನಪಿಗೆ ಬಂತು. ಅವರಿಗೂ ಬಂದಿರಬೇಕು.

“ಎಡಗೈನೂ ಸೋತ್ರೆ ಅಣ್ಣ?” ಎಂದುಬಿಟ್ಟೆ.

ಅವರು ಮೆಲ್ಲಗೆ ತಲೆಯಾಡಿಸಿದರು, ಲೆಕ್ಕ ತಾಳೆಯಾದ ಮೇಷ್ಟ್ರ ಹಾಗೆ. ನಾನು ದಾರಿಯುದ್ದಕ್ಕೂ ಅತ್ತುಕೊಂಡು ಮನೆಗೆ ಬಂದೆ, ಬಾಯಿಗೆ ಬೆಂಕಿ ಹಾಕಿಕೊಳ್ಳಬೇಕು ಎಂದು ನನ್ನನ್ನೇ ಶಪಿಸಿಕೊಳ್ಳುತ್ತಾ.

ಮಾರನೆಯ ದಿನವೇ ಮಂಚವನ್ನು ಅಡುಗೆಮನೆಯ ಬಾಗಿಲಿಗೆ ಎದುರಾಗಿ ಹಾಕಿಸಿಕೊಂಡರಂತೆ. ವೈರು ಬಿಚ್ಚಿಸಲಿಲ್ಲ, ಅದನ್ನು ನೆಚ್ಚಿಕೊಳ್ಳುವುದನ್ನು ಬಿಟ್ಟರು, ಅಷ್ಟೆ. ಮೂರು ವಾರದ ನಂತರ ಒಂದು ಬೆಳಿಗ್ಗೆ ಅತ್ತಿಗೆ ಮುದ್ದೆ ತೊಳಸುತ್ತಾ ತಲೆ ಎತ್ತಿದಾಗ ಅವರ ಕಣ್ಣು ಹೇಗೋ ಆದದ್ದು ಕಂಡಿತು. ಮುದ್ದೆಕೋಲು ಕೈಯಲ್ಲೇ ಹಿಡಿದು ಓಡಿ ಬಂದು ಪಕ್ಕದಲ್ಲಿ ಕೂತು ತಲೆ ತೊಡೆಯ ಮೇಲಿಟ್ಟುಕೊಂಡರು, ನೀರು ಹಾಕಿದರು. ಎರಡು ಗುಟುಕು ಇಳಿಯಿತು, ಮೂರನೆಯದು ಇಳಿಯಲಿಲ್ಲ.

ನಾನು ಹೋದಾಗ ಅತ್ತಿಗೆ ಇದನ್ನೆಲ್ಲ ಹೇಳಿ ನನ್ನ ಎರಡೂ ಕೈ ಹಿಡಿದುಕೊಂಡರು.

“ಗಂಟೆ ಹೊಡೀಲಿಲ್ಲ ಕಣಮ್ಮ. ಎಡಗೈ ಮೇಲೇಳಲೇ ಇಲ್ಲ. ಆದ್ರೆ ನಾನು ಅಲ್ಲೇ ಇದ್ದೆ.”